ಗಜಕೋಲು ಮೊಟಕಾದರೆ ಬಟ್ಟೆ ಬೆಳೆದೀತೆ?

ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ 2023ರಲ್ಲಿ ಶೇಕಡಾ 83.89 ಮಂದಿ ತೇರ್ಗಡೆಯಾದರು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮರಾ ಬಂದಿತು. ನಕಲಿಗೆ ತಡೆ ಬಿದ್ದಿತು. ಕೃಪಾಂಕವನ್ನು ಶೇಕಡಾ 10ರಿಂದ 20ಕ್ಕೆ ಏರಿಸಿದರೂ ಫಲಿತಾಂಶ 73.40ಕ್ಕೆ ಇಳಿಯಿತು. 2025ರ ಮೊದಲ ಪರೀಕ್ಷೆಯಲ್ಲಿ, ಕೃಪಾಂಕವಿಲ್ಲದೆ, 66.14. ಆ ವರ್ಷವೇ ಸರ್ಕಾರವು ತೇರ್ಗಡೆಯ ಮಟ್ಟವನ್ನು 35ರಿಂದ 33ಕ್ಕೆ ಇಳಿಸಲು ನಿರ್ಧರಿಸಿತು.

ಕ್ಯಾಮರಾ ಇಟ್ಟದ್ದನ್ನು ನಾವು ಖಂಡಿಸುವುದಿಲ್ಲ. ಕಳ್ಳತೂಕ ಬಯಲಾದದ್ದು ಒಳ್ಳೆಯದೇ. ಆದರೆ ಅಂಗಡಿಯವರೂ ಗಿರಣಿಯವರೂ ಬಲ್ಲರು: ಗಜಕೋಲನ್ನು ಮೊಟಕು ಮಾಡಿದರೆ ಬಟ್ಟೆ ಬೆಳೆಯದು. ಈ ಸುಧಾರಣೆಗಳೆಲ್ಲ ಅಳತೆಯನ್ನು ಮುಟ್ಟಿದವು, ವಿದ್ಯೆಯನ್ನು ಮುಟ್ಟಲಿಲ್ಲ.

ಹೂಡಿಗೆ 2023ರಲ್ಲಿ ಮೆಟ್ರೋ ರೈಲು ಬಂದಿತು. ಸುತ್ತ ಗಾಜಿನ ಕಟ್ಟಡಗಳೆದ್ದಿವೆ. ಅವನ್ನು ಕಟ್ಟಿದ ಕೂಲಿಕಾರನ ಮಗ ಅವುಗಳೊಳಗೆ ಕಾವಲುಗಾರನಾಗಿಯೇ ಹೋಗಬೇಕೆ? ಉಳ್ಳವರ ಮಕ್ಕಳಿಗೆ ಮನೆಪಾಠವುಂಟು. ನಮ್ಮ ಮಕ್ಕಳಿಗೆ ಶಾಲೆಯೊಂದೇ ಗತಿ.

ಮಗುವಿನ ವೇಗಕ್ಕೆ ಪಾಠ ನಡೆಯಬೇಕೆಂಬ ನಲಿಕಲಿ ಪದ್ಧತಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊಳೆಯಿತು. ಪದ್ಧತಿ ಒಳ್ಳೆಯದೇ, ಆದರೆ ಒಂದೊಂದು ಮಗುವನ್ನೂ ಗಮನಿಸಲು ಸಾಕಷ್ಟು ಉಪಾಧ್ಯಾಯರು ಬೇಡವೆ? ಖಾಲಿ ಹುದ್ದೆಗಳನ್ನು ಮೊದಲು ತುಂಬಲಿ. ಮೂರನೆಯ ತರಗತಿಯಲ್ಲೇ ಮಗು ಓದುವುದೋ ಇಲ್ಲವೋ ನೋಡಲಿ, ಓದದಿದ್ದರೆ ಅಲ್ಲೇ ಕಲಿಸಲಿ. ಹತ್ತನೆಯ ತರಗತಿಯಲ್ಲಿ ತೋರುವ ಕೃಪೆ ನಮಗೆ ಬೇಡ. ನಮ್ಮ ಮಕ್ಕಳಿಗೆ ಸಲ್ಲಬೇಕಾದುದು ವಿದ್ಯೆ. ಅದನ್ನೇ ನಾವು ಕೇಳುತ್ತೇವೆ.