ಒಂದೇ ವಾಹಿನಿಗೆ ಎರಡು ಸಂಖ್ಯೆಗಳೇಕೆ?

ಕೇಬಲ್ ಟೆಲಿವಿಷನ್ನಿನ ಪಟ್ಟಿಯನ್ನು ಗಮನವಿಟ್ಟು ನೋಡಿದವರಿಗೆ ಒಂದು ವಿಚಿತ್ರವು ಕಾಣದಿರದು. ಒಂದೇ ವಾಹಿನಿಯು ಕೆಲವೊಮ್ಮೆ ಎರಡು ಕಡೆ, ಎರಡು ಸಂಖ್ಯೆಗಳ ಕೆಳಗೆ ಕಾಣಿಸಿಕೊಳ್ಳುತ್ತದೆ. ಇನ್ನೂರು ವಾಹಿನಿಗಳೆಂದು ನಂಬಿ ಹಣ ತೆತ್ತ ಗೃಹಸ್ಥನು ಇದು ಮೋಸವೆಂದು ಗೊಣಗುವುದು ಸಹಜ. ನಮ್ಮ ವಿದ್ಯಾರ್ಥಿಗಳೂ ತರಗತಿಯಲ್ಲಿ ಈ ಪ್ರಶ್ನೆಯನ್ನೆತ್ತಿದ್ದುಂಟು. ಆದರೆ ತೀರ್ಪು ಕೊಡುವುದಕ್ಕೆ ಮೊದಲು ತಂತಿಯೊಳಗೆ ನಡೆಯುವುದೇನೆಂಬುದನ್ನು ಅರಿಯುವುದು ಉಚಿತ.

ಹಿಂದಿನ ಅನಲಾಗ್ ಪದ್ಧತಿಯಲ್ಲಿ ಪ್ರತಿಯೊಂದು ವಾಹಿನಿಯೂ ತಂತಿಯಲ್ಲಿ 7 ಅಥವಾ 8 ಮೆಗಾಹರ್ಟ್ಸ್ ಅಗಲದ ಸ್ಥಳವನ್ನು ತಾನೊಂದೇ ಆಕ್ರಮಿಸುತ್ತಿತ್ತು. ನಮ್ಮ ದೇಶದಲ್ಲಿ 2012ರಿಂದ ಹಂತಹಂತವಾಗಿ ಬಂದ ಡಿಜಿಟಲ್ ಪದ್ಧತಿಯಲ್ಲಿ, ಅದೇ 8 ಮೆಗಾಹರ್ಟ್ಸ್ ಸ್ಥಳವು ಸೆಕೆಂಡಿಗೆ ಸುಮಾರು 380 ಲಕ್ಷ ಬಿಟ್‌ಗಳನ್ನು ಸಾಗಿಸಬಲ್ಲದು. ಸಾಧಾರಣ ಚಿತ್ರದ ವಾಹಿನಿಗೆ 40 ಲಕ್ಷ ಬಿಟ್‌ಗಳು ಸಾಕೆಂದರೆ, ಒಂಬತ್ತು ವಾಹಿನಿಗಳು ಅಲ್ಲಿ ಒಟ್ಟಿಗೆ ಹಿಡಿಸುತ್ತವೆ. ಈಗ ನಾವು ಒತ್ತುವ ಸಂಖ್ಯೆಯು ತಂತಿಯಲ್ಲಿನ ಸ್ಥಾನವಲ್ಲ. ಅದು ಸಂಕೇತದೊಡನೆಯೇ ಬರುವ ಸೂಚಿಯೊಂದರಲ್ಲಿನ ನಮೂದು ಮಾತ್ರ. ಸೆಟ್‌ಟಾಪ್ ಪೆಟ್ಟಿಗೆಯು ಆ ಸೂಚಿಯನ್ನು ನೋಡಿ, ಬೇಕಾದ ಪ್ರವಾಹವನ್ನು ಆರಿಸಿಕೊಡುತ್ತದೆ.

ಆದುದರಿಂದ ಜೋಡಿ ವಾಹಿನಿಗಳಲ್ಲಿ ಎರಡು ಬಗೆಗಳನ್ನು ಬೇರ್ಪಡಿಸಬೇಕು. ಒಂದೇ ಪ್ರವಾಹಕ್ಕೆ ಎರಡು ಸಂಖ್ಯೆಗಳನ್ನು ಕೊಡುವುದು ಮೊದಲನೆಯ ಬಗೆ. ಗ್ರಂಥಾಲಯದ ಸೂಚಿಯಲ್ಲಿ ಒಂದೇ ಪುಸ್ತಕವನ್ನು ಕರ್ತೃವಿನ ಹೆಸರಿನಲ್ಲಿಯೂ ವಿಷಯದ ಹೆಸರಿನಲ್ಲಿಯೂ ಬರೆದಂತೆ ಇದು. ಕಪಾಟಿನಲ್ಲಿರುವ ಪುಸ್ತಕ ಒಂದೇ. ಇದರಿಂದ ತಂತಿಯಲ್ಲಿ ಹೆಚ್ಚಿನ ಸ್ಥಳವೇನೂ ವ್ಯಯವಾಗದು, ಆದರೆ ಇದನ್ನು ಎರಡು ವಾಹಿನಿಗಳೆಂದು ಎಣಿಸುವುದು ಸುಳ್ಳು ಲೆಕ್ಕ.

ಎರಡನೆಯದು ಸಾಧಾರಣ ಚಿತ್ರ ಮತ್ತು ಎಚ್‌ಡಿ ಚಿತ್ರಗಳ ಜೋಡಿ. ಸಾಧಾರಣ ಚಿತ್ರದಲ್ಲಿ 720 × 576, ಅಂದರೆ 4,14,720 ಬಿಂದುಗಳಿವೆ. ಪೂರ್ಣ ಎಚ್‌ಡಿಯಲ್ಲಿ 1920 × 1080, ಅಂದರೆ 20,73,600 ಬಿಂದುಗಳು. ಇದು ನೇರವಾಗಿ ಐದು ಪಾಲು. ಕಾರ್ಯಕ್ರಮ ಒಂದೇ ಆದರೂ ಪ್ರವಾಹಗಳು ಎರಡು, ಸ್ಥಳವೂ ಎರಡು. ಎಚ್‌ಡಿ ಪೆಟ್ಟಿಗೆಯನ್ನು ಕೊಳ್ಳಲಾರದ ಮನೆಗಳಿರುವವರೆಗೆ ಈ ದ್ವಿತ್ವವು ಅನಾವಶ್ಯಕವೆನ್ನಲಾಗದು.

ನ್ಯಾಯದ ಪ್ರಶ್ನೆ ಹುಟ್ಟುವುದು ಹಣದ ಲೆಕ್ಕದಲ್ಲಿ. ಟ್ರಾಯ್ ಸಂಸ್ಥೆಯ 2017ರ ದರ ಆದೇಶವು ವಾಹಿನಿಗಳ ಎಣಿಕೆಯಲ್ಲಿ ಒಂದು ಎಚ್‌ಡಿಯನ್ನು ಎರಡು ಸಾಧಾರಣ ವಾಹಿನಿಗಳಿಗೆ ಸಮವೆಂದು ಹಿಡಿಯಿತು. ಒಂದೇ ವಾಹಿನಿಯ ಎರಡು ರೂಪಗಳನ್ನೂ ಒಂದೇ ಪ್ಯಾಕಿನಲ್ಲಿ ಸೇರಿಸಬಾರದೆಂದೂ ವಿಧಿಸಿತು. ಆದರೆ ಪ್ಯಾಕಿನಲ್ಲಿ ಸಾಧಾರಣ ರೂಪವನ್ನು ಪಡೆದವನು ಎಚ್‌ಡಿ ರೂಪವನ್ನು ಬಿಡಿಯಾಗಿ ಆರಿಸಿಕೊಂಡರೆ ಎರಡಕ್ಕೂ ಹಣ ತೆರಬೇಕಾಗುತ್ತದೆ. ನಾವೇ ಹೀಗೆ ಕೆಲವು ತಿಂಗಳು ತೆತ್ತು, ಅನಂತರ ಎಚ್ಚೆತ್ತೆವು. ಭೌತಶಾಸ್ತ್ರವನ್ನು ಬೋಧಿಸುವವರಿಗೇ ಈ ಗತಿಯಾದರೆ ಉಳಿದವರ ಪಾಡೇನು?

ನಮ್ಮ ಅಭಿಪ್ರಾಯವಿಷ್ಟು: ಪ್ರತಿಯೊಂದು ಪಟ್ಟಿಯಲ್ಲಿಯೂ ಜೋಡಿಗಳನ್ನು ಗುರುತು ಹಾಕಿ ತೋರಿಸಬೇಕು, ಸಂಖ್ಯೆಗಳನ್ನಲ್ಲದೆ ಭಿನ್ನ ಕಾರ್ಯಕ್ರಮಗಳನ್ನು ಎಣಿಸಿ ಹೇಳಬೇಕು. ಅಲ್ಲಿಯವರೆಗೆ ವಿದ್ಯಾರ್ಥಿ ಮಿತ್ರರು ಒಂದು ಸಂಜೆ ತಮ್ಮ ಮನೆಯ ಪಟ್ಟಿಯನ್ನು ತೆಗೆದುಕೊಂಡು ತಾವೇ ಎಣಿಸಿ ನೋಡಲಿ. ಹೆಸರನ್ನು ವಸ್ತುವಿನಿಂದ ಬೇರ್ಪಡಿಸಿ ನೋಡುವುದೇ ವಿಜ್ಞಾನದ ಮೊದಲ ಪಾಠವಲ್ಲವೆ?