ಸಿಗ್ನಲ್ ಫುಲ್, ಮಾತು ಅರ್ಧ
ಹಬ್ಬದ ಹಿಂದಿನ ರಾತ್ರಿ. ಕೋಯಂಬೇಡು ನಿಲ್ದಾಣದಲ್ಲಿ ಬೆಂಗಳೂರು ಬಸ್ಸಿಗೆ ಕಾಯುತ್ತಾ ಅಮ್ಮನಿಗೆ ಕಾಲ್ ಮಾಡಿದೆ. ಸಿಗ್ನಲ್ ಫುಲ್ ಇತ್ತು. ಮಾತು ಮಾತ್ರ ತುಂಡುತುಂಡು. ‘ಸರಿಯಾಗಿ ಕೇಳಿಸ್ತಿಲ್ಲ ಕಣೋ’ ಎಂದು ಅಮ್ಮ ಫೋನ್ ಇಟ್ಟುಬಿಟ್ಟರು.

ವೈರ್‌ಲೆಸ್ ಸಾಫ್ಟ್‌ವೇರ್ ಬರೆಯುವ ನನಗೆ ಕಾರಣ ಅಂದಾಜಾಯಿತು. 5ಜಿ ಟವರ್ ಟಾರ್ಚ್ ಬೆಳಕಿನಂತೆ ಬೇರೆ ಬೇರೆ ದಿಕ್ಕಿಗೆ ಕಿರಣ ಬಿಡುತ್ತದೆ. ಯಾವ ಕಿರಣ ಚೆನ್ನಾಗಿ ಸಿಗುತ್ತಿದೆ ಎಂದು ಫೋನ್ ಅಳೆದು ಹೇಳುತ್ತಿರುತ್ತದೆ. ನಡುವೆ ಬಸ್ಸೊಂದು ಅಡ್ಡ ಬಂದರೆ ಆ ಲೆಕ್ಕ ಹಳತು. ಸರಿಯಾಗಿ ತಲುಪದ ತುಣುಕನ್ನು ಟವರ್ ಮತ್ತೆ ಕಳಿಸುತ್ತದೆ. ಫೋನ್ ಮೊದಲಿನ ಅರೆಬರೆ ತುಣುಕನ್ನು ಎಸೆಯದೆ ಹೊಸದರ ಜತೆ ಕೂಡಿಸಿ ಓದುತ್ತದೆ. ಜಾಣ ಉಪಾಯವೇ. ಆದರೆ ಮತ್ತೆ ಕಳಿಸಲೂ ಸ್ಪೆಕ್ಟ್ರಂ ಬೇಕು. ತಪ್ಪು ಕಿರಣದಲ್ಲೇ ಪದೇಪದೇ ಕಳಿಸಿದರೆ ಪಕ್ಕದವರ ಪಾಲೂ ಹಾಳು.

2022ರ ಅಕ್ಟೋಬರ್ 1ರಂದು ದೇಶಕ್ಕೆ 5ಜಿ ಬಂತು. ಜಾಹೀರಾತಿನಲ್ಲಿ ಕಾಣುವುದು ಗರಿಷ್ಠ ವೇಗ. ಹಬ್ಬದ ರಾತ್ರಿ, ಇಂಥ ಜನಜಂಗುಳಿಯಲ್ಲಿ ಎಷ್ಟು ತುಣುಕು ತಡವಾದವು, ಎಷ್ಟು ತಲುಪಲೇ ಇಲ್ಲ ಎಂಬ ಲೆಕ್ಕವನ್ನೂ ಕಂಪನಿಗಳು ನಿಲ್ದಾಣವಾರು ಪ್ರಕಟಿಸಲಿ. ಊರು ಬಿಟ್ಟ ನಮಗೆ ಸಿನಿಮಾ ಕ್ಷಣದಲ್ಲಿ ಡೌನ್‌ಲೋಡ್ ಆಗುವುದಕ್ಕಿಂತ ‘ಊಟ ಆಯ್ತಾ?’ ಎಂಬುದು ಪೂರ್ತಿ ಕೇಳಿಸುವುದು ಮುಖ್ಯ.