ಬಿರುಕೂ ಅಕ್ಷರವೂ
ಚಿತ್ರದುರ್ಗದ ಚಂದ್ರವಳ್ಳಿ ಬಂಡೆಯ ಮೇಲಿನ ಕದಂಬ ಮಯೂರಶರ್ಮನ ಪ್ರಾಕೃತ ಶಾಸನದಲ್ಲಿ ಎಂ.ಎಚ್. ಕೃಷ್ಣ ಅವರು ಪಲ್ಲವ, ಆಭೀರ, ಪುನ್ನಾಟ ಮೊದಲಾದ ಹೆಸರುಗಳನ್ನು ಓದಿ 1929ರ ಮೈಸೂರು ಪುರಾತತ್ತ್ವ ಇಲಾಖೆಯ ವರದಿಯಲ್ಲಿ ಪ್ರಕಟಿಸಿದರು. ಮುಂದಿನ ವಿದ್ವಾಂಸರು ಅದೇ ಸವೆದ ಗೆರೆಗಳನ್ನು ಬೇರೆಯಾಗಿ ಓದಿದರು. ಇಂಥ ಶಾಸನದ ಫೋಟೊ ಅಥವಾ ಪಡಿಯಚ್ಚನ್ನು ವೆಕ್ಟರ್ ಚಿತ್ರವಾಗಿಸುವಾಗ ಕೈಯಿಂದಲೇ ಗೆರೆ ಎಳೆಯಬೇಕು ಎಂಬುದು ನನ್ನ ವಾದ. ತಾನಾಗಿ ಗೆರೆ ಎಳೆಯುವ ತಂತ್ರಾಂಶಕ್ಕೆ ಗೊತ್ತಿರುವುದು ಪಿಕ್ಸೆಲ್‌ಗಳ ಕಪ್ಪು ಬಿಳುಪು ಮಾತ್ರ, ಉಳಿಯ ಗುರುತಲ್ಲ. ಇದೇ ಜಿಲ್ಲೆಯ ಬ್ರಹ್ಮಗಿರಿಯಲ್ಲಿರುವ ಅಶೋಕನ ಬ್ರಾಹ್ಮಿಯನ್ನೇ ನೋಡಿ: ಅಲ್ಲಿ ‘ರ’ ಎಂದರೆ ಮೇಲಿಂದ ಕೆಳಗೆ ಇಳಿಯುವ ಒಂದು ಗೆರೆ, ‘ಕ’ ಎಂದರೆ ಕೂಡುವ ಚಿಹ್ನೆಯಂಥ ಆಕಾರ. ‘ರ’ದ ನಡುವೆ ಕಲ್ಲಿನ ಬಿರುಕು ಅಡ್ಡ ಹಾದರೆ ಯಂತ್ರ ಅದನ್ನು ‘ಕ’ ಮಾಡಿಬಿಡಬಹುದು. ಕೈಯಿಂದ ಎಳೆದರೆ ಎಳೆಯುವವರ ಪೂರ್ವಗ್ರಹವೂ ಸೇರುವುದಿಲ್ಲವೇ ಎಂದು ಕೇಳಬಹುದು. ಸೇರುತ್ತದೆ, ನಿಜ. ಆದರೆ ಮೂಲ ಫೋಟೊವನ್ನು ಕೆಳಪದರದಲ್ಲಿ ಉಳಿಸಿ, ಖಚಿತ ಗೆರೆಗಳನ್ನು ಒಂದು ಪದರದಲ್ಲೂ ಅನುಮಾನದವನ್ನು ಬೇರೆ ಬಣ್ಣದಲ್ಲಿ ಇನ್ನೊಂದು ಪದರದಲ್ಲೂ ಇಟ್ಟರೆ, ಯಾವ ಗೆರೆ ಕಲ್ಲಿನದು, ಯಾವುದು ಎಳೆದವರ ಊಹೆ ಎಂದು ಯಾರು ಬೇಕಾದರೂ ಪರೀಕ್ಷಿಸಬಹುದು. ಶಾಸನದ ರೇಖಾಚಿತ್ರ ಅಚ್ಚು ಹಾಕುವವರು ದಯವಿಟ್ಟು ಆ ಪದರಗಳಿರುವ ಕಡತವನ್ನೂ ಓದುಗರಿಗೆ ಕೊಡಿ.